ಶಾಲೆಯ ಗಂಟೆ

ಶಾಲೆಯ ಗಂಟೆ ಎಲ್ಲ ಮಕ್ಕಳಿಗೂ ಒಂದೇ. ಆದರೆ ಎಲ್ಲ ಮಕ್ಕಳ ನಿದ್ರೆಯೂ ಒಂದೇ ಬಗೆಯದೇ? ಈ ಪ್ರಶ್ನೆಯನ್ನು ನಾನು ಕೇಳಿಕೊಂಡುದು ತೀರ ತಡವಾಗಿ. ನಾನು ಉಪಾಧ್ಯಾಯನಾಗಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆಳಗಿನ ಮೊದಲ ಪಾಠದಲ್ಲಿ ನಿತ್ಯವೂ ತೂಕಡಿಸುತ್ತಿದ್ದ. ಸೋಮಾರಿಯೆಂದು ಗದರಿಸಿ, ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. “ಬೇಗ ಮಲಗಿದರೂ ನಿದ್ದೆ ಬರುವುದಿಲ್ಲ, ಸಾರ್” ಎಂದು ಅವನು ತಲೆ ತಗ್ಗಿಸಿ ಹೇಳಿದ. ನಾನು ನಂಬಲಿಲ್ಲ.

ಅವನ ಮಾತು ನಿಜವಿದ್ದೀತೆಂದು ಈಗ ತೋರುತ್ತದೆ. ನಮ್ಮ ದೇಹದೊಳಗೂ ಒಂದು ಗಡಿಯಾರವಿದೆ. ಅದು ನಡೆಯುವ ಬಗೆಯನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕತ್ತಲಾದ ಮೇಲೆ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ, ನಿದ್ರೆಯ ವೇಳೆಯಾಯಿತೆಂದು ದೇಹಕ್ಕೆ ಸಾರುತ್ತದೆ. ಎಳೆಯ ಮಕ್ಕಳಲ್ಲಿ ಈ ಕರೆ ಬೇಗ ಬರುತ್ತದೆ. ಹರೆಯಕ್ಕೆ ಕಾಲಿಟ್ಟವರಲ್ಲಿ ತಡವಾಗಿ ಬರುತ್ತದೆ. ಈ ಅಂತರವು ಎರಡು ಗಂಟೆಯಷ್ಟಾಗುವುದೂ ಉಂಟು. ಆದರೂ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೇ ಬೇಕು. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಬೇಕು.

ಆದುದರಿಂದ ದೊಡ್ಡ ಮಕ್ಕಳ ಶಾಲೆ ತಡವಾಗಿ ಆರಂಭವಾಗಲೆಂಬುದು ಒಂದು ಪಕ್ಷ. ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಪ್ರೌಢಶಾಲೆಗಳ ವೇಳೆಯನ್ನು 7-50ರಿಂದ 8-45ಕ್ಕೆ ಬದಲಾಯಿಸಿದರು. ವಿದ್ಯಾರ್ಥಿಗಳು ಇನ್ನೂ ತಡವಾಗಿ ಮಲಗಿಯಾರೆಂಬ ಶಂಕೆ ಸುಳ್ಳಾಯಿತು. ಅವರ ನಿದ್ರೆ ಸುಮಾರು 34 ನಿಮಿಷ ಹೆಚ್ಚಿತು. ಪ್ರೌಢಶಾಲೆಗಳು 8-30ಕ್ಕೆ ಮೊದಲು ತೆರೆಯಕೂಡದೆಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 2022ರಲ್ಲಿ ಜಾರಿಗೆ ಬಂದಿತು.

ನೆರೆಯ ಮಹಾರಾಷ್ಟ್ರವು ಚಿಕ್ಕವರ ಕಡೆಗೆ ನೋಡಿತು. ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಬೆಳಿಗ್ಗೆ 9ಕ್ಕೆ ಮೊದಲು ಪಾಠ ಬೇಡವೆಂದು ಅಲ್ಲಿನ ಸರ್ಕಾರ 2024ರಲ್ಲಿ ಆದೇಶಿಸಿತು. ಮನೆಮಂದಿ ರಾತ್ರಿ ಬಹಳ ಹೊತ್ತು ಎಚ್ಚರವಿದ್ದರೆ ಮಗುವೂ ಮಲಗುವುದಿಲ್ಲವೆಂಬುದು ಸುಳ್ಳಲ್ಲವಷ್ಟೆ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಒಂದೇ ವಾಹನವು ಮೊದಲು ದೊಡ್ಡವರನ್ನು, ಬಳಿಕ ಚಿಕ್ಕವರನ್ನು ಕರೆತರುವಲ್ಲಿ ಇಬ್ಬರಿಗೂ ಒಂದೇ ವೇಳೆಯನ್ನು ಗೊತ್ತುಮಾಡುವುದು ಕಷ್ಟ. ಇಂತಹ ತೊಡಕುಗಳಿಂದಲೇ ಫ್ಲಾರಿಡಾ ರಾಜ್ಯವು 2023ರಲ್ಲಿ ಮಾಡಿದ ಕಾನೂನನ್ನು 2025ರಲ್ಲಿ ಸಡಿಲಿಸಿತು. ತಂದೆತಾಯಿಗಳು ಕೆಲಸಕ್ಕೆ ಹೊರಡುವ ಹೊತ್ತನ್ನೂ, ಹಳ್ಳಿಗೆ ಬರುವ ಒಂದೇ ಬಸ್ಸಿನ ವೇಳೆಯನ್ನೂ ಮರೆಯುವಂತಿಲ್ಲ. ಶಾಲೆ ತಡವಾಗಿ ಬಿಟ್ಟರೆ ಆಟಕ್ಕೆ ಬೆಳಕು ಎಲ್ಲಿ? ಆದರೆ 2023ರಲ್ಲಿ ವಾಹನದಟ್ಟಣೆಯನ್ನು ತಗ್ಗಿಸಲು ಬೆಂಗಳೂರಿನ ಶಾಲೆಗಳನ್ನು ಇನ್ನೂ ಬೇಗ ತೆರೆಯುವ ಮಾತು ಬಂದಾಗ, ಮಕ್ಕಳ ನಿದ್ರೆ ಏನಾಗಬೇಕೆಂದು ಕೇಳಿದವರೂ ಇದ್ದರು. ಆ ಪ್ರಶ್ನೆ ನ್ಯಾಯವಾದುದು.

ಎಲ್ಲ ಊರಿಗೂ ಒಪ್ಪುವ ಒಂದೇ ವೇಳೆ ಸಿಕ್ಕಲಾರದು. ಆದರೆ ವೇಳೆಯನ್ನು ಗೊತ್ತುಮಾಡುವಾಗ ರಸ್ತೆಯ, ವಾಹನದ, ಕಚೇರಿಯ ಅನುಕೂಲಗಳ ಜೊತೆಗೆ ಮಗುವಿನ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಕ್ಕಳೇ, ನಿಮಗೂ ಇದರಲ್ಲಿ ಪಾಲುಂಟು. ರಾತ್ರಿ ಮೊಬೈಲಿನ ಬೆಳಕು ಮೆಲಟೋನಿನ್‌ನ ಕರೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಅದನ್ನು ದೂರವಿಡುವುದು ನಿಮ್ಮ ಕೈಯಲ್ಲಿದೆ. ಬೆಂಚಿನ ಮೇಲೆ ನಿಂತ ಆ ಹುಡುಗ ಇಂದು ನನ್ನ ಮುಂದೆ ಬಂದರೆ, ಮೊದಲು ಅವನನ್ನು ಕುಳ್ಳಿರಿಸಿ, “ರಾತ್ರಿ ಎಷ್ಟು ಹೊತ್ತು ಮಲಗಿದೆ, ಮಗು?” ಎಂದು ಕೇಳುವೆನು.