ಅಳಿವೆಯ ನೀರಿನ ಜಮಾ-ಖರ್ಚು

ಕಳೆದ ರವಿವಾರ ವಾಚನಾಲಯದಲ್ಲಿ ಹೊನ್ನಾವರದ ಕಡೆಯ ತರುಣ ಮಿತ್ರರೊಬ್ಬರು ಕೇಳಿದರು: “ನಮ್ಮಲ್ಲಿ ಶರಾವತಿ ಸಮುದ್ರ ಸೇರುತ್ತದೆ, ಇಲ್ಲಿ ಮಾಹೀಮಿನಲ್ಲಿ ಮೀಠಿ ಸೇರುತ್ತದೆ. ಅಲ್ಲಿ ದಡದಲ್ಲಿ ಕುಳಿತು ಬುತ್ತಿ ಬಿಚ್ಚಬಹುದು. ಇಲ್ಲಿ ಗಾಡಿ ಬಾಂದ್ರಾ ಸೇತುವೆ ದಾಟುವಷ್ಟರಲ್ಲಿ ಮೂಗು ಮುಚ್ಚಿಕೊಳ್ಳಬೇಕು. ಯಾಕೆ ಮಾಸ್ತರೇ?” ನಾನು ಮಾಸ್ತರನಲ್ಲ, ಗಿರಣಿಯ ಗುಮಾಸ್ತ. ಬಲ್ಲದ್ದು ಜಮಾ-ಖರ್ಚಿನ ಲೆಕ್ಕ. ಆದರೆ ಈ ಪ್ರಶ್ನೆಗೆ ಉತ್ತರವೂ ಅಂಥದೇ ಒಂದು ಲೆಕ್ಕವೆಂದು ಓದಿ ತಿಳಿದುಕೊಂಡೆ. ಅದನ್ನು ವಾಚಕ ಬಂಧುಗಳ ಮುಂದಿಡುತ್ತೇನೆ.

1. ನೀರಿನ ಗೊಬ್ಬರ

ನದಿಯ ಸಿಹಿನೀರೂ ಸಮುದ್ರದ ಉಪ್ಪುನೀರೂ ಕೂಡುವ ಸ್ಥಳಕ್ಕೆ ಅಳಿವೆ ಎನ್ನುತ್ತೇವೆ. ಮುಂಬಯಿಯ ಜನ ಖಾಡಿ ಎನ್ನುವರು. ಅಲ್ಲಿ ಬರಿಗಣ್ಣಿಗೆ ಕಾಣದ ತೇಲುಸಸ್ಯಗಳು ಕೋಟಿಗಟ್ಟಲೆ ಇರುತ್ತವೆ. ಸೀಗಡಿ, ಮೀನುಗಳ ಬದುಕಿಗೆ ಇವೇ ಮೂಲ. ಗದ್ದೆಗೆ ಗೊಬ್ಬರ ಬೇಕಾಗುವಂತೆ ಇವುಗಳಿಗೆ ಸಾರಜನಕ, ರಂಜಕ, ಸಿಲಿಕೇಟ್ ಮುಂತಾದ ಪೋಷಕ ದ್ರವ್ಯಗಳು ಬೇಕು. ಸಿಲಿಕೇಟ್ ಕಲ್ಲುಮಣ್ಣು ಸವೆದು ನದಿಯೊಡನೆ ಬರುವುದರಿಂದ ನದಿಯ ಕಡೆ ಹೆಚ್ಚು, ಸಮುದ್ರದ ಕಡೆ ಕಡಿಮೆ. ಸಾರಜನಕ, ರಂಜಕಗಳು ಕೊಳೆತ ಎಲೆಯಿಂದಲೂ ಹೊಲದ ಗೊಬ್ಬರದಿಂದಲೂ ಊರಿನ ಮಲಮೂತ್ರದಿಂದಲೂ ಬರುತ್ತವೆ.

2. ಲೆಕ್ಕ ತಾಳೆ ನೋಡುವ ಬಗೆ

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನದಿಯ ನೀರಿನಲ್ಲಿ ಇಲ್ಲವೆನ್ನುವಷ್ಟು. ತೇಲುಸಸ್ಯಗಳು ಉಪ್ಪನ್ನು ಉಂಡು ಮುಗಿಸಲಾರವು. ಆದುದರಿಂದ ಇಲ್ಲಿ ಉಪ್ಪೇ ನಂಬಿಕೆಯ ಸಾಕ್ಷಿ. ಉಪ್ಪು ಅರ್ಧಕ್ಕೆ ಇಳಿದಿದ್ದರೆ ಅರ್ಧ ನದಿ, ಅರ್ಧ ಸಮುದ್ರ ಎಂದು ತಿಳಿಯತಕ್ಕದ್ದು.

ಉದಾಹರಣೆಗೆ, ನದಿಯಲ್ಲಿ ರಂಜಕ 10 ಪಾಲು, ಸಮುದ್ರದಲ್ಲಿ 2 ಪಾಲು ಎಂದಿಟ್ಟುಕೊಳ್ಳಿ. ಅರ್ಧರ್ಧ ಬೆರೆತಲ್ಲಿ 6 ಸಿಗಬೇಕು. 4 ಸಿಕ್ಕಿದರೆ ನಡುವೆ 2 ಖರ್ಚಾಗಿದೆ: ಸಸ್ಯಗಳು ಉಂಡಿವೆ, ಇಲ್ಲವೆ ಕೆಸರಿಗೆ ಅಂಟಿ ತಳ ಸೇರಿದೆ. 9 ಸಿಕ್ಕಿದರೆ? ಯಾರೋ ವೋಚರಿಲ್ಲದೆ 3 ಜಮೆ ಮಾಡಿದ್ದಾರೆ. ಅಂಥ ಕಡೆ ಮೋರಿಯನ್ನು ಹುಡುಕಬೇಕು.

ಸಾರಜನಕದ ರೂಪವೂ ಸುಳಿವು ಕೊಡುತ್ತದೆ. ಹೊಸ ಕೊಳಚೆಯಲ್ಲಿ ಅದು ಹೆಚ್ಚಾಗಿ ಅಮೋನಿಯಾ ಆಗಿರುತ್ತದೆ. ಆಮ್ಲಜನಕ ದೊರೆತಲ್ಲಿ ಅಣುಜೀವಿಗಳು ಅದನ್ನು ಕ್ರಮೇಣ ನೈಟ್ರೇಟ್ ಮಾಡುತ್ತವೆ. ಅಮೋನಿಯಾ ಏರಿದ್ದರೆ ಕೊಳಚೆ ಸಮೀಪದಲ್ಲಿದೆ, ಅಥವಾ ನೀರಿಗೆ ಉಸಿರಿಲ್ಲ ಎಂದರ್ಥ.

3. ನಾತ ಏಕೆ?

ಅತಿಯಾದರೆ ಅಮೃತವೂ ವಿಷ. ಗೊಬ್ಬರ ಮಿತಿಮೀರಿದಾಗ ಸಸ್ಯಗಳು ಹುಚ್ಚಾಗಿ ಬೆಳೆದು ಸಾಯುತ್ತವೆ. ಅವನ್ನೂ ಕೊಳಚೆಯನ್ನೂ ಕೊಳೆಯಿಸುವ ಅಣುಜೀವಿಗಳು ನೀರಿನ ಆಮ್ಲಜನಕವನ್ನು ಬರಿದುಮಾಡುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಅನಂತರ ಬೇರೊಂದು ಜಾತಿಯ ಅಣುಜೀವಿಗಳು ಸಮುದ್ರದ ಉಪ್ಪಿನಲ್ಲಿರುವ ಗಂಧಕವನ್ನು ಹಿಡಿದು, ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಬಿಡುತ್ತವೆ. ಕೆಸರು ಕಪ್ಪಾಗುವುದೂ ಇದರಿಂದಲೇ. ಈ ನಾತಕ್ಕೆ ಮೋರಿಯ ಕೊಳಕೂ ಬೇಕು, ಸಮುದ್ರದ ಗಂಧಕವೂ ಬೇಕು.

ಶರಾವತಿಗೆ ಘಟ್ಟದ ಮಳೆಯಿದೆ. ಲಿಂಗನಮಕ್ಕಿಯ ನೀರು ವಿದ್ಯುತ್ ಕೇಂದ್ರಗಳನ್ನು ಹಾದು ಬೇಸಗೆಯಲ್ಲೂ ಹರಿದುಬರುತ್ತದೆ. ಮೀಠಿಯ ಉದ್ದ ಸುಮಾರು 18 ಕಿಲೋಮೀಟರ್ ಮಾತ್ರ. ಅದು ವಿಹಾರ, ಪವಾಯಿ ಕೆರೆಗಳು ತುಂಬಿ ಚೆಲ್ಲಿದ ನೀರು. ಮಳೆ ನಿಂತ ಮೇಲೆ ಕೆರೆ ಚೆಲ್ಲುವುದಿಲ್ಲ. ಆಗ ಹರಿಯುವುದು ಬಹುಪಾಲು ಮನೆಗಳ ಕೊಳಚೆ, ಅದರೊಡನೆ ಕಾರ್ಖಾನೆಗಳ ಎಣ್ಣೆ, ರಸಾಯನ. ಭರತ ಬಂದಾಗ ಅದೇ ನೀರು ಹಿಂದಕ್ಕೆ ಸರಿಯುತ್ತದೆ, ಇಳಿತದಲ್ಲಿ ಮತ್ತೆ ಮುಂದಕ್ಕೆ ಬರುತ್ತದೆ.

ಹಳೆಯ ಬಾಕಿಯೂ ಉಂಟು. ತಳದ ಕೆಸರಿಗೆ ಅಂಟಿದ ರಂಜಕವು ಆಮ್ಲಜನಕವಿಲ್ಲದಾಗ ಬಿಟ್ಟುಕೊಂಡು ಮತ್ತೆ ನೀರಿಗೆ ಬರುತ್ತದೆ. ಆದುದರಿಂದ ಇಂದು ಮೋರಿ ಮುಚ್ಚಿದರೂ ನಾಳೆಯೇ ಖಾಡಿ ತಿಳಿಯಾಗದು.

4. ನಮ್ಮ ಪಾಲು

ಕಾರ್ಖಾನೆಯವರನ್ನು ದೂರುವುದು ಸುಲಭ, ದೂರಬೇಕಾದಲ್ಲಿ ದೂರಲೂ ಬೇಕು. ಆದರೆ ನಮ್ಮ ಚಾಳಿನ ಸಂಡಾಸದ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಈ ವರ್ಷದವರೆಗೂ ಕೇಳಿರಲಿಲ್ಲ. ಅದು ಶುದ್ಧೀಕರಣ ಕೇಂದ್ರಕ್ಕೆ ಹೋಗುವ ಕೊಳವೆಯನ್ನು ಸೇರಬೇಕು. ಮಳೆನೀರಿನ ನಾಲೆಗೆ ಸೇರಿದರೆ ನೇರ ಖಾಡಿಗೆ ಇಳಿಯುತ್ತದೆ. ಖಾಡಿಯ ಮೀನನ್ನೇ ನಂಬಿದ ಕೋಳಿ ಜನರ ಬಲೆ ಬರಿದಾಗುವುದರಲ್ಲಿ ನಮ್ಮ ಹೆಸರಿನ ಜಮೆಯೂ ಇದೆ. ನಾಲ್ಕು ಮನೆಯವರು ಕೂಡಿ ವಾರ್ಡ್ ಕಚೇರಿಗೆ ಒಂದು ಅರ್ಜಿ ಬರೆದು ಕೇಳಿರಿ. ಬರೆಯಲು ತಿಳಿಯದವರು ರವಿವಾರ ವಾಚನಾಲಯಕ್ಕೆ ಬಂದರೆ ನಾನು ಬರೆದುಕೊಡುತ್ತೇನೆ.

ಮನನಕ್ಕೆ ಪ್ರಶ್ನೆಗಳು

1. ಅಳಿವೆಯ ಲೆಕ್ಕದಲ್ಲಿ ಉಪ್ಪನ್ನು ಸಾಕ್ಷಿಯಾಗಿ ಏಕೆ ನಂಬುತ್ತಾರೆ?
2. ನದಿಯಲ್ಲಿ ರಂಜಕ 8, ಸಮುದ್ರದಲ್ಲಿ 2, ಅರ್ಧರ್ಧ ಬೆರೆತಲ್ಲಿ 7 ಸಿಕ್ಕಿದೆ. ಏನು ನಡೆದಿರಬಹುದು?
3. ನಿಮ್ಮ ಚಾಳಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ?