ಹಾಯಿ ಹೊಲಿಯಲು ಹೋದ ಮಗಳಿಗೆ

ಕಡೂರು
ಆಷಾಢ ಮಾಸ

ಪುಟ್ಟಿ,

ನಿನ್ನ ಕಾಗದ ಮೊನ್ನೆ ಕೈಸೇರಿತು. ಹಾಯಿ ಹೊಲಿಯುವುದನ್ನು ಕಲಿಯಲು ಹೋಗಿ ತಿಂಗಳಾಯಿತು, ಇನ್ನೂ ಹಳೆಯ ಹಾಯಿಗಳ ಹೊಲಿಗೆ ಬಿಚ್ಚುವುದೇ ಕೆಲಸ ಎಂದು ಬರೆದಿದ್ದೀಯ. ಜೊತೆಯವರೆಲ್ಲ ಕಡಲ ದಂಡೆಯಲ್ಲಿ ಹುಟ್ಟಿದವರು, ಬಯಲುಸೀಮೆಯವಳು ನೀನೊಬ್ಬಳೇ. "ವಾಪಸ್ ಬಂದುಬಿಡಲೇ ದೊಡ್ಡಪ್ಪ?" ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯುವ ಮೊದಲು ಎರಡು ದಿನ ಯೋಚಿಸಿದೆ. ಹಾಯಿಯ ವಿಷಯ ಸಿಕ್ಕಿದ್ದೆಲ್ಲ ಓದಿದೆ. ನಲವತ್ತು ವರ್ಷ ಕತ್ತರಿ ಹಿಡಿದ ಕೈಗೆ ತಿಳಿದದ್ದನ್ನೂ ಅದಕ್ಕೆ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಗಾಳಿಯ ಮಾತು. ನಿನಗೆ ಕಡಲು ಗೊತ್ತಿಲ್ಲದಿರಬಹುದು, ಗಾಳಿ ಗೊತ್ತಿಲ್ಲ ಎನ್ನಬೇಡ. ಆಷಾಢದಲ್ಲಿ ಕಡೂರು, ಬೀರೂರು, ಅಜ್ಜಂಪುರದ ಬಯಲಿನಲ್ಲಿ ಬೀಸುವ ಗಾಳಿಗೆ ಎದುರಾಗಿ ಸೈಕಲ್ ತುಳಿದವಳು ನೀನು. ನಮ್ಮ ಭಾಷೆಯಲ್ಲಿ ಪಟ ಎಂದರೆ ಬಟ್ಟೆ, ಪಟ ಎಂದರೆ ಹಾಯಿ, ಗಾಳಿಗೆ ಏರಿಸುವುದೂ ಪಟವೇ. ಸೂತ್ರ ಒಂದು ಬೆರಳು ಆಚೀಚೆ ಆದರೆ ಗಾಳಿಪಟ ಗಿರಕಿ ಹೊಡೆಯುತ್ತದೆಂದು ನೀನು ಏಳನೆಯ ವಯಸ್ಸಿಗೇ ಕಲಿತಿದ್ದೆ. ತರೀಕೆರೆಗೆ ಮದುವೆಗೆ ಹೋದಾಗ ನಿನ್ನನ್ನು ಲಕ್ಕವಳ್ಳಿಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯೇ? ಭದ್ರಾ ಜಲಾಶಯದ ನೀರಿನ ಮೇಲೆ ಕಪ್ಪು ನೆರಿಗೆಯೊಂದು ಓಡಿಬಂದಾಗ "ಅಲ್ಲಿ ಗಾಳಿ ಬರ್ತಿದೆ" ಎಂದು ನೀನೇ ಬೆರಳು ಮಾಡಿ ತೋರಿಸಿದ್ದೆ. ಪಂದ್ಯದ ದೋಣಿಯವರು ಮುಂದಿನ ಗಾಳಿಯನ್ನು ಗುರುತಿಸುವುದು ಅದೇ ನೆರಿಗೆಯನ್ನು ನೋಡಿ.

ಇನ್ನು ಬಟ್ಟೆ. ಹಾಯಿ ಎಂದರೆ ಗಾಳಿ ತುಂಬಿಕೊಳ್ಳುವ ಚೀಲ ಎಂದೇ ನಾನು ತಿಳಿದಿದ್ದೆ. ಗಾಳಿ ಹಿಂದಿನಿಂದ ನೂಕುವಾಗ ಅದು ನಿಜ. ದೋಣಿ ಗಾಳಿಗೆ ಎದುರಾಗಿ, ಸುಮಾರು 45 ಡಿಗ್ರಿ ಓರೆಯಲ್ಲಿ ಸಾಗುವಾಗ ಮಾತ್ರ ಹಾಯಿ ಹದ್ದಿನ ರೆಕ್ಕೆಯ ಹಾಗೆ. ಗಾಳಿ ಅದರ ಎರಡೂ ಮೈ ಸವರಿಕೊಂಡು ಹೋಗಬೇಕು, ಅದಕ್ಕೆ ಹದವಾದ ಉಬ್ಬು ಬೇಕು. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 100 ಅಂಗುಲವಿದ್ದರೆ ಉಬ್ಬು ಸಾಮಾನ್ಯವಾಗಿ 10–12 ಅಂಗುಲ. ಅತಿ ಹೆಚ್ಚು ಉಬ್ಬಿದ ಜಾಗ ನಡುವಿಗಿಂತ ತುಸು ಮುಂದಿರಬೇಕು. ಮೆಲುಗಾಳಿಗೆ ಉಬ್ಬು ಹೆಚ್ಚು, ಬಿರುಗಾಳಿಗೆ ಕಡಿಮೆ.

ಮಗ್ಗದಿಂದ ಇಳಿದ ಬಟ್ಟೆಯಾದರೋ ಚಪ್ಪಟೆ. ಅದಕ್ಕೆ ಉಬ್ಬು ಬರಿಸುವ ವಿದ್ಯೆ ನಮ್ಮ ಮನೆಯದೇ ಅಲ್ಲವೇ? ರವಿಕೆಗೆ ನಾವು ಡಾರ್ಟ್ ಹಿಡಿಯುತ್ತೇವೆ. ಹಾಯಿಯಲ್ಲಿ ಪಟ್ಟಿಗಳ ಅಂಚನ್ನು ಸಣ್ಣಗೆ ಬಾಗಿಸಿ ಕತ್ತರಿಸಿ, ಒಂದಕ್ಕೊಂದು ಜೋಡಿಸಿದರೆ ಉಬ್ಬು ತಾನಾಗಿ ಏಳುತ್ತದೆ. ಕೂವೆಮರದ ಕಡೆಯ ಅಂಚಿಗೂ ಹೊರಬಾಗು ಕೊಡುತ್ತಾರೆ. ನೇರ ಮರಕ್ಕೆ ಏರಿಸಿದಾಗ ಆ ಹೆಚ್ಚಿನ ಬಟ್ಟೆ ಒಳಗೆ ಸರಿದು ಉಬ್ಬಾಗುತ್ತದೆ. ಬಿರುಗಾಳಿಯಲ್ಲಿ ಮರವನ್ನು ಬಾಗಿಸಿದರೆ ಆ ಬಟ್ಟೆ ಮತ್ತೆ ಮರದ ಕಡೆಗೆ ಹೋಗಿ ಹಾಯಿ ಚಪ್ಪಟೆಯಾಗುತ್ತದೆ. ಆದ್ದರಿಂದ ಬರೀ ಉದ್ದಗಲ ಬರೆದುಕೊಂಡರೆ ಅಳತೆ ಮುಗಿಯುವುದಿಲ್ಲ. ಹಾಯಿ ಯಾವ ದೋಣಿಗೋ ಅದರ ಮರ ಎಷ್ಟು ಬಾಗುತ್ತದೆಂದು ಕೇಳಿ ಬರೆದುಕೊಳ್ಳಬೇಕು.

ಹಾಸು ಹೊಕ್ಕು ಎರಡರ ಗುಣವೂ ನಿನಗೆ ಗೊತ್ತು. ನೂಲಿನ ನೇರಕ್ಕೆ ಎಳೆದರೆ ಬಟ್ಟೆ ಜಗ್ಗುವುದು ಕಡಿಮೆ, ಓರೆಯಾಗಿ ಎಳೆದರೆ ಜಗ್ಗಿಬಿಡುತ್ತದೆ. ಹಾಯಿಯ ಭಾರವೆಲ್ಲ ಮೂರು ಮೂಲೆಗಳಿಗೆ, ಹಿಂದಿನ ಅಂಚಿಗೆ ಬೀಳುತ್ತದೆ. ಅದಕ್ಕೇ ಸಾದಾ ಹಾಯಿಯಲ್ಲಿ ಪಟ್ಟಿಗಳನ್ನು ಹಿಂದಿನ ಅಂಚಿಗೆ ಅಡ್ಡಲಾಗಿ ಹಾಕಿ, ಹೊಕ್ಕಿನ ನೂಲು ಆ ಅಂಚಿನ ಉದ್ದಕ್ಕೂ ಬರುವಂತೆ ಮಾಡುತ್ತಾರೆ. ಪಂದ್ಯದ ಹಾಯಿಯಲ್ಲಿ ಮೂರೂ ಮೂಲೆಗಳಿಂದ ಬೀಸಣಿಗೆಯ ಕಡ್ಡಿಗಳಂತೆ ಪಟ್ಟಿಗಳನ್ನು ಹರಡುವುದೂ ಅದಕ್ಕೇ. ಬಟ್ಟೆ ಗೆದ್ದುಕೊಟ್ಟ ಪಂದ್ಯವೂ ಇತಿಹಾಸದಲ್ಲಿದೆ. 1851ರ ಆಗಸ್ಟ್‌ನಲ್ಲಿ 'ಅಮೆರಿಕ' ಎಂಬ ಹಾಯಿದೋಣಿ ಇಂಗ್ಲೆಂಡಿನ ವೈಟ್ ದ್ವೀಪ ಸುತ್ತುವ ಪಂದ್ಯದಲ್ಲಿ ಅಲ್ಲಿನ ದೋಣಿಗಳನ್ನು ಹಿಂದಿಕ್ಕಿತು. ಇಂಗ್ಲಿಷರ ಹಾಯಿಗಳು ಅಗಸೆ ನಾರಿನವು, ಸಡಿಲ. ಅಮೆರಿಕದ ಹಾಯಿ ಬಿಗಿಯಾಗಿ ನೇಯ್ದ ಹತ್ತಿಯದು. ನಮ್ಮ ಅಜ್ಜಂಪುರದ ಎರೆಭೂಮಿಯಲ್ಲೂ ಬೆಳೆಯುವ ಹತ್ತಿ ಒಂದು ಕಾಲಕ್ಕೆ ಕಡಲ ಪಂದ್ಯ ಗೆದ್ದಿತು! ಆಮೇಲೆ 1950ರ ದಶಕದಲ್ಲಿ ಪಾಲಿಯೆಸ್ಟರ್ ಬಂತು, ನೆನೆದರೂ ಜಗ್ಗದು, ಕೊಳೆಯದು. ಈಗ ಕಾರ್ಬನ್ ನೂಲನ್ನು ತೆಳು ಹಾಳೆಗಳ ನಡುವೆ ಅಂಟಿಸಿದ ಹಾಯಿಗಳೂ ಬಂದಿವೆ. ಅವು ಹಗುರ, ಆಕಾರ ಬಿಡವು. ಆದರೆ ಮಡಿಸಿ ಮಡಿಸಿ ಬೇಗ ಹಾಳಾಗುತ್ತವೆ. ದೂರಯಾನದವರಿಗೆ ದಪ್ಪ ಪಾಲಿಯೆಸ್ಟರೇ ಸರಿ. ಪಂದ್ಯದವನು ವೇಗ ಕೇಳುತ್ತಾನೆ, ಯಾನದವನು ಬಾಳಿಕೆ ಕೇಳುತ್ತಾನೆ. ಯಾರಿಗೆ ಯಾವುದು ಎಂದು ತಿಳಿದು ಕತ್ತರಿ ಇಡು.

ಹಾಯಿ ನಮ್ಮ ನಾಡಿಗೆ ಹೊರಗಿನದೂ ಅಲ್ಲ. ಹಿಂದೆ ಟಾರ್ಪಾಲು ಕೊಡಲು ಮಂಗಳೂರಿನ ಹಳೆಯ ಬಂದರಿಗೆ ಹೋದಾಗ ಲಕ್ಷದ್ವೀಪಕ್ಕೆ ಸರಕು ಹೊರುವ ಮಂಜಿಗಳನ್ನು ನೋಡಿದ್ದೆ. ಅವುಗಳ ಹಿಂದಿನ ತಲೆಮಾರಿನವು ಹಾಯಿ ಬಿಚ್ಚಿಯೇ ಮಂಗಳೂರು ಹೆಂಚನ್ನು ಊರೂರಿಗೆ ಮುಟ್ಟಿಸಿದ್ದವು. 2025ರ ಮೇ 21ರಂದು ನಮ್ಮ ಕಾರವಾರದಲ್ಲಿಯೇ 'ಕೌಂಡಿನ್ಯ' ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತೆಯ ಚಿತ್ರದಲ್ಲಿರುವ ಐದನೆಯ ಶತಮಾನದ ಹಡಗನ್ನು ನೋಡಿ ಕಟ್ಟಿದ್ದು. ಹಲಗೆಗಳನ್ನು ಮೊಳೆಯಿಂದ ಜೋಡಿಸಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಹಡಗಿಗೆ ಹಡಗೇ ಹೊಲಿಗೆಯ ಕೆಲಸ, ಪುಟ್ಟಿ! ಅದರ ಹಾಯಿಯ ಮೇಲೆ ನಮ್ಮ ರಾಜ್ಯಲಾಂಛನದ ಗಂಡಭೇರುಂಡವಿದೆ. ಎಂಜಿನ್ ಇಲ್ಲದೆ ಅದು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ ತಲುಪಿತು.

ಈಗ ನಾನು ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಅಂಗಡಿ ತೆರೆದ ಎರಡನೆಯ ವರ್ಷ ಅಜ್ಜಂಪುರದ ರೈತರೊಬ್ಬರಿಗೆ ಈರುಳ್ಳಿ ರಾಶಿಗೆ ಹೊದಿಸಲು ದೊಡ್ಡ ಟಾರ್ಪಾಲು ಹೊಲಿದುಕೊಟ್ಟೆ. ಬಟ್ಟೆ ಒಳ್ಳೆಯದೇ ತಂದಿದ್ದೆ. ದಾರದಲ್ಲಿ ಉಳಿಸಲು ಹೋದೆ. ಬಿಸಿಲಿಗೆ ದಾರ ಲಡ್ಡಾಯಿತು, ಹಿಂಗಾರಿನ ಒಂದು ರಾತ್ರಿ ಹೊಲಿಗೆ ಉದ್ದಕ್ಕೆ ಬಿಚ್ಚಿಕೊಂಡಿತು. ಬೆಳಿಗ್ಗೆ ಹೋಗಿ ನೋಡಿದರೆ ಬಟ್ಟೆ ಒಂದೆಳೆಯೂ ಹರಿದಿರಲಿಲ್ಲ. ಅವರ ವರ್ಷದ ಬೆಳೆ ಮಾತ್ರ ನೆನೆದು ಹೋಗಿತ್ತು. ಅವರು ನನ್ನನ್ನು ಬೈಯಲಿಲ್ಲ. ಅದು ಇವತ್ತಿಗೂ ನನ್ನನ್ನು ಸುಡುತ್ತದೆ. ಅಂದಿನಿಂದ ಅಂಗಡಿಗೆ ಬಂದ ಪ್ರತಿಯೊಂದು ಹರಿದ ಟಾರ್ಪಾಲಿನ ಹೊಲಿಗೆಯನ್ನು ನಾನೇ ಕೂತು ಬಿಚ್ಚಿ ನೋಡುತ್ತೇನೆ: ಸೋತದ್ದು ಬಟ್ಟೆಯೋ, ದಾರವೋ, ಮೂಲೆಯ ಒತ್ತುಪಟ್ಟಿಯೋ?

ನಿನ್ನ ಗುರುಗಳು ನಿನಗೆ ಕೊಟ್ಟಿರುವುದು ಅದೇ ಪಾಠ. ಹಳೆಯ ಹಾಯಿ ಎಲ್ಲಿ ಸವೆದಿದೆ, ಎಲ್ಲಿ ಬಿಸಿಲು ದಾರವನ್ನು ತಿಂದಿದೆ, ಉಬ್ಬು ಎಷ್ಟು ಹಿಂದಕ್ಕೆ ಜಾರಿದೆ ಎಂದು ಬಿಚ್ಚುವ ಕೈಗೆ ಮಾತ್ರ ಗೊತ್ತಾಗುತ್ತದೆ. ಕಂಪ್ಯೂಟರು ಬಾಗು ಲೆಕ್ಕ ಹಾಕುತ್ತದೆ, ಯಂತ್ರ ಕತ್ತರಿಸುತ್ತದೆ. ಅವನ್ನೂ ಚೆನ್ನಾಗಿ ಕಲಿ. ಆದರೆ ಸೋತ ಹೊಲಿಗೆಯನ್ನು ಓದಲು ಬಾರದವರು ಗೆಲ್ಲುವ ಹೊಲಿಗೆ ಹಾಕಲಾರರು. ದಿನವೂ ಬಿಚ್ಚಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡು: ದೋಣಿ ಎಂಥದು, ಎಷ್ಟು ವರ್ಷದ ಹಾಯಿ, ಮೊದಲು ಬಿಟ್ಟುಕೊಂಡ ಜಾಗ ಯಾವುದು.

ನಮ್ಮ ನೌಕಾಪಡೆಯ ದಿಲ್ನಾ, ರೂಪಾ ಎಂಬ ಇಬ್ಬರು ಹೆಣ್ಣುಮಕ್ಕಳು 'ತಾರಿಣಿ' ಎಂಬ 56 ಅಡಿಯ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಭೂಮಿ ಸುತ್ತಿ 2025ರ ಮೇ 29ರಂದು ಮರಳಿದರು. ದಕ್ಷಿಣದ ಕಡಲಿನ ಕತ್ತಲಲ್ಲಿ ಅವರಿಗೂ ಬಿರುಗಾಳಿಗೂ ನಡುವೆ ಇದ್ದದ್ದು ಯಾರೋ ಹಾಕಿದ ಹೊಲಿಗೆ. ಆ ಹೊಲಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ದಾರದಲ್ಲಿ ಉಳಿಸದ ಕೈ ನಿನ್ನದಾಗಲಿ.

ನಿನ್ನ ದೊಡ್ಡಮ್ಮ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಳಿಸಿದ್ದಾಳೆ. ಜೊತೆಯವರಿಗೂ ಕೊಡು. ಅಪ್ಪನ ಹತ್ತಿರ ನಾನು ಮಾತಾಡಿದ್ದೇನೆ, ಅವನಿಗೆ ಸಂತೋಷವೇ ಇದೆ. ಗೌರಿ ಹಬ್ಬಕ್ಕೆ ನಾಲ್ಕು ದಿನ ರಜೆ ಕೇಳಿ ಬಾ. ಕೆಲಸ ಬಿಟ್ಟು ಬರಬೇಡ.

ಇಂತು ನಿನ್ನ ಪ್ರೀತಿಯ,
ದೊಡ್ಡಪ್ಪ