ಅಯುತ್ಥಯ: ಒಂದು ರಾತ್ರಿ ಉಳಿದು ನೋಡಬೇಕಾದ ಊರು

ಬ್ಯಾಂಕಾಕಿಗೆ ಹೋದವರು ಅಯುತ್ಥಯವನ್ನು ಒಂದೇ ಹೊತ್ತಿನಲ್ಲಿ ಮುಗಿಸಿಬಿಡುವುದು ರೂಢಿ. ಬೆಳಿಗ್ಗೆ ವ್ಯಾನ್ ಹತ್ತಿ, ನಡುಮಧ್ಯಾಹ್ನದ ಉರಿಬಿಸಿಲಿನಲ್ಲಿ ನಾಲ್ಕು ದೇವಾಲಯ ಸುತ್ತಿ, ಸಂಜೆಗೆ ಮತ್ತೆ ಬ್ಯಾಂಕಾಕಿನ ಮಾಲ್ ಸೇರುತ್ತಾರೆ. ಕೆಂಪು ಇಟ್ಟಿಗೆಯ ಆ ಊರು ಚೆಂದ ಕಾಣುವುದು ಬೆಳಿಗ್ಗೆ ಎಂಟರಿಂದ ಹತ್ತರವರೆಗೆ, ಆಮೇಲೆ ಸಂಜೆ ನಾಲ್ಕರ ನಂತರ. ಈ ಎರಡೂ ಹೊತ್ತು ಅವರ ಪಾಲಿಗೆ ಇಲ್ಲವಾಗುತ್ತವೆ. ಆದ್ದರಿಂದ ನನ್ನ ಮೊದಲ ಸಲಹೆ: ಒಂದು ರಾತ್ರಿ ಅಲ್ಲಿಯೇ ತಂಗಿ. ಬೇರೆ ಸಲಹೆಗಳನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಊರು ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಚಾವ್ ಫ್ರಾಯಾ, ಪಾ ಸಾಕ್, ಲೋಪ್‌ಬುರಿ ಎಂಬ ಮೂರು ನದಿಗಳು ಕೂಡುವ ಕಡೆ, ಸುತ್ತ ನೀರು ನಡುವೆ ನೆಲ ಎನ್ನುವಂತೆ ನಿಂತಿರುವ ನಡುಗಡ್ಡೆ ಅದು. ರಾಜಧಾನಿಯಾಗಿ ಸ್ಥಾಪನೆಯಾದದ್ದು 1350ರ ಹೊತ್ತಿಗೆ. ಬರ್ಮಾದ ಸೈನ್ಯ ಒಂದು ವರ್ಷಕ್ಕೂ ಮೀರಿ ಮುತ್ತಿಗೆ ಹಾಕಿ, 1767ರ ಏಪ್ರಿಲ್‌ನಲ್ಲಿ ಊರಿಗೆ ಬೆಂಕಿಯಿಟ್ಟಿತು. ಆಮೇಲೆ ಸಯಾಮಿನ ಅರಸರು ರಾಜಧಾನಿಯನ್ನು ನದಿಯ ಕೆಳಗಣ ಭಾಗಕ್ಕೆ ಒಯ್ದರು. ಹೊಸ ಬ್ಯಾಂಕಾಕನ್ನು ಕಟ್ಟಲು ಇಲ್ಲಿನ ಇಟ್ಟಿಗೆಗಳನ್ನೇ ದೋಣಿಯಲ್ಲಿ ತುಂಬಿಸಿಕೊಂಡು ಹೋದರು. ಅಂದರೆ ಇಂದು ನಾವು ನೋಡುವ ಹಾಳು ಯುದ್ಧವೊಂದರಿಂದಲೇ ಆದದ್ದಲ್ಲ. ಯುದ್ಧದ ಮೇಲೆ ಇಟ್ಟಿಗೆ ಸಾಗಣೆ, ಅದರ ಮೇಲೆ ನಿಧಿಗಳ್ಳರ ಕೈಚಳಕ, ಎಲ್ಲವೂ ಸೇರಿದೆ. ಹಂಪಿಯಲ್ಲಿ ಓಡಾಡಿದವರಿಗೆ ಈ ಕಥೆ ಅಪರಿಚಿತ ಎನಿಸದು. ಎರಡೂ ಊರು ಹದಿನಾಲ್ಕನೆಯ ಶತಮಾನದಲ್ಲಿ ತಲೆಯೆತ್ತಿದವು, ಎರಡೂ ಈಗ ಯುನೆಸ್ಕೊ ಪಟ್ಟಿಯಲ್ಲಿವೆ. ಹಂಪಿ 1986ರಲ್ಲಿ, ಅಯುತ್ಥಯ 1991ರಲ್ಲಿ ಸೇರಿತು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಥಾಯ್ ಉಚ್ಚಾರಣೆಯ ಪೊರೆ ಕಳಚಿದರೆ ಹೆಸರುಗಳೆಲ್ಲ ನಮಗೆ ಅರ್ಥವಾಗುತ್ತವೆ. ಅಯುತ್ಥಯ ಎಂದರೆ ಅಯೋಧ್ಯೆ. ಸ್ಥಾಪಕ ಅರಸ ಉ ಥೋಂಗ್ ಪಟ್ಟಕ್ಕೆ ಬಂದಾಗ ಇಟ್ಟುಕೊಂಡ ಹೆಸರು ರಾಮಾಧಿಪತಿ. ವಾಟ್ ಎಂದರೆ ದೇವಾಲಯ. ಮಹಾಥಾತ್ ಎಂದರೆ ಮಹಾಧಾತು, ಬುದ್ಧನ ಅವಶೇಷವಿದ್ದ ಜಾಗ. ಸನ್‌ಫೆತ್ ಎಂದರೆ ಸರ್ವಜ್ಞ. ಚಾಯ್ ಮಂಗ್‌ಖೋನ್ ಎಂದರೆ ಜಯಮಂಗಲ. ಚಾಯ್‌ವತ್ಥನಾರಾಮ್ ಎಂದರೆ ಜಯವರ್ಧನಾರಾಮ. ಗಂಟೆಯಾಕಾರದ ಸ್ತೂಪಕ್ಕೆ ಚೇದಿ ಎನ್ನುತ್ತಾರೆ, ನಮ್ಮ ಚೈತ್ಯವೇ ಅದು. ಮುಸುಕಿನ ಜೋಳದ ತೆನೆಯನ್ನು ನಿಲ್ಲಿಸಿದಂತಿರುವ ಗೋಪುರ ಪ್ರಾಂಗ್, ಖ್ಮೇರರಿಂದ ಬಂದ ಶೈಲಿ. ಪ್ರಾಂಗ್ ಯಾವುದು, ಚೇದಿ ಯಾವುದು ಎಂದು ಗುರುತಿಸಲು ಬಂದರೆ ಸಾಕು, ಇಟ್ಟಿಗೆಯ ರಾಶಿ ಮಾತಾಡಲು ತೊಡಗುತ್ತದೆ.

ತಲುಪಲು ನನ್ನ ಆಯ್ಕೆ ರೈಲು. ಬ್ಯಾಂಕಾಕಿನ ಹಳೆಯ ಹುವಾ ಲಂಫೋಂಗ್ ನಿಲ್ದಾಣದಿಂದ ಸಾಧಾರಣ ರೈಲುಗಳು ಹೊರಡುತ್ತವೆ. ದೂರದೂರಿನ ರೈಲುಗಳು 2023ರಿಂದ ಕ್ರುಂಗ್ ಥೇಪ್ ಅಫಿವತ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತಿವೆ. ಟಿಕೆಟ್ ಕೊಳ್ಳುವಾಗ ಯಾವ ನಿಲ್ದಾಣ ಎಂದು ಕೇಳಿಕೊಳ್ಳದೆ ಇರಬೇಡಿ. ಕಿಟಕಿ ತೆರೆದ ಮೂರನೇ ದರ್ಜೆಯ ಬೋಗಿಯಲ್ಲಿ 20 ಬಾಟ್ ಆಸುಪಾಸಿಗೆ, ಒಂದೂವರೆ ಎರಡು ಗಂಟೆಯಲ್ಲಿ ಊರು ಸೇರಬಹುದು. ವಿಮಾನದಿಂದ ಡಾನ್ ಮುಯಾಂಗ್‌ನಲ್ಲಿ ಇಳಿಯುವವರಿಗೆ ಇನ್ನೂ ಸುಲಭ. ಅಯುತ್ಥಯಕ್ಕೆ ಹೋಗುವ ರೈಲುಮಾರ್ಗ ಆ ನಿಲ್ದಾಣದ ಪಕ್ಕದಲ್ಲೇ ಹಾದುಹೋಗುವುದರಿಂದ ಬ್ಯಾಂಕಾಕಿನ ಟ್ರಾಫಿಕ್ಕಿಗೆ ಸಿಕ್ಕದೆ ನೇರ ಬರಬಹುದು. ಅಯುತ್ಥಯದ ರೈಲು ನಿಲ್ದಾಣ ಇರುವುದು ನದಿಯ ಆಚೆ ದಡದಲ್ಲಿ. ನಿಲ್ದಾಣದಿಂದ ಹೊರಬಂದು ಎದುರಿನ ರಸ್ತೆಯಲ್ಲಿ ನೇರ ನಡೆದರೆ ದೋಣಿಕಟ್ಟೆ. ಕೆಲವೇ ಬಾಟ್ ಕೊಟ್ಟು ಪಾ ಸಾಕ್ ನದಿ ದಾಟಿ ಊರೊಳಗೆ ಕಾಲಿಡಬಹುದು. ಕೋಟೆಯಂಥ ಊರಿಗೆ ನೀರಿನ ಮೇಲಿಂದಲೇ ಬರುವುದು ಸರಿಯಾದ ಪ್ರವೇಶ.

ಊರೊಳಗೆ ಸೈಕಲ್ ಸಾಕು. ನೆಲ ಸಮತಟ್ಟು, ಬಾಡಿಗೆ ಅಂಗಡಿಗಳು ದೋಣಿಕಟ್ಟೆಯ ಹತ್ತಿರವೇ ಇವೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಕಪ್ಪೆಮೂತಿಯ ಟುಕ್‌ಟುಕ್ ಹಿಡಿಯಿರಿ. ಗಂಟೆಯ ಲೆಕ್ಕದಲ್ಲಿ ದರ ಹೇಳುತ್ತಾರೆ; ಎಷ್ಟು ಗಂಟೆ, ಯಾವ ಯಾವ ದೇವಾಲಯ ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಮುಖ್ಯ ದೇವಾಲಯಗಳಿಗೆ ಪ್ರತ್ಯೇಕ ಪ್ರವೇಶ ಶುಲ್ಕವಿದೆ, ಹಲವನ್ನು ಒಟ್ಟಿಗೆ ನೋಡುವವರಿಗೆ ಒಂದೇ ಟಿಕೆಟ್ ಕೂಡ ಸಿಗುತ್ತದೆ. ಮೊದಲ ಬಾಗಿಲಲ್ಲೇ ಅದನ್ನು ಕೇಳಿ ತೆಗೆದುಕೊಳ್ಳಿ.

ಶುರುಮಾಡುವುದು ವಾಟ್ ಮಹಾಥಾತ್‌ನಿಂದ ಇರಲಿ, ಬಾಗಿಲು ತೆರೆಯುವ ಎಂಟು ಗಂಟೆಗೇ. ಮರದ ಬೇರುಗಳು ತಬ್ಬಿ ಹಿಡಿದ ಬುದ್ಧನ ಶಿರ ಇರುವುದು ಇಲ್ಲೇ. ಒಂಬತ್ತೂವರೆ ಕಳೆದರೆ ಅದರ ಮುಂದೆ ಸಾಲು ಬೆಳೆಯುತ್ತದೆ. ಫೋಟೊ ತೆಗೆಸಿಕೊಳ್ಳುವವರು ಕೂತುಕೊಳ್ಳಬೇಕು. ನಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು ಎಂಬುದು ನಿಯಮ, ಕಾವಲುಗಾರರು ಅದನ್ನು ಬಿಡದೆ ಜಾರಿಗೊಳಿಸುತ್ತಾರೆ. ಆವರಣದ ಉದ್ದಕ್ಕೂ ತಲೆಯಿಲ್ಲದ ಮೂರ್ತಿಗಳು ಸಾಲಾಗಿ ಕೂತಿವೆ. ಅವುಗಳ ಹಿಂದೆ ನಿಂತು ತಮ್ಮ ಮುಖವನ್ನು ಜೋಡಿಸಿ ಫೋಟೊ ತೆಗೆಯುವ ಹುಡುಗಾಟ ಬೇಡ. ಅಲ್ಲಿನ ಜನಕ್ಕೆ ಅವು ಇಂದಿಗೂ ಪೂಜ್ಯ. ನಡುವಣ ಮಹಾಪ್ರಾಂಗ್ 1911ರಲ್ಲಿ ಕುಸಿಯಿತು. ಈಗ ಉಳಿದಿರುವುದು ಅದರ ಪೀಠ ಮಾತ್ರ.

ರಸ್ತೆ ದಾಟಿದರೆ ವಾಟ್ ರಾತ್‌ಚಬುರಾಣ. ನನ್ನ ಮಟ್ಟಿಗೆ ಇಡೀ ಅಯುತ್ಥಯದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಸಿಂಹಾಸನಕ್ಕಾಗಿ ಇಬ್ಬರು ಅಣ್ಣಂದಿರು ಆನೆಯ ಮೇಲೆ ಕೂತು ಕಾದಾಡಿ, ಇಬ್ಬರೂ ಸತ್ತರು. ಪಟ್ಟ ತಮ್ಮನಿಗೆ ಬಂತು. ಆ ತಮ್ಮ, ಚಾವ್ ಸಾಮ್ ಫ್ರಾಯಾ, 1424ರಲ್ಲಿ ಅಣ್ಣಂದಿರನ್ನು ಸುಟ್ಟ ಜಾಗದಲ್ಲೇ ಈ ದೇವಾಲಯ ಕಟ್ಟಿಸಿದ. ಪ್ರಾಂಗ್‌ನ ಒಳಗೆ ಇಳಿಯಲು ಕಡಿದಾದ ಮೆಟ್ಟಿಲುಗಳಿವೆ. ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿ ಹದಿನೈದನೆಯ ಶತಮಾನದ ಭಿತ್ತಿಚಿತ್ರಗಳ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. ಮಂಡಿನೋವು ಇದ್ದವರು, ಇಕ್ಕಟ್ಟಿಗೆ ಹೆದರುವವರು ಮೇಲೆಯೇ ನಿಂತರೆ ಒಳ್ಳೆಯದು. 1957ರಲ್ಲಿ ಕಳ್ಳರು ಈ ಕೋಣೆಯನ್ನೇ ತೋಡಿ ಚಿನ್ನ ದೋಚಿದರು. ಅವರು ಒಯ್ಯಲಾಗದೆ ಬಿಟ್ಟದ್ದನ್ನು ಸರ್ಕಾರದ ಲಲಿತಕಲಾ ಇಲಾಖೆ ಹೊರತೆಗೆಯಿತು.

ಹೀಗಾಗಿ ಇಲ್ಲಿಂದ ನೇರ ಹೋಗಬೇಕಾದದ್ದು ಚಾವ್ ಸಾಮ್ ಫ್ರಾಯಾ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ. ಆ ಕೋಣೆಯಲ್ಲಿ ಸಿಕ್ಕ ಮಣ್ಣಿನ ಹರಕೆಮುದ್ರೆಗಳನ್ನು ದಾನಿಗಳಿಗೆ ಕೊಟ್ಟು ಸಂಗ್ರಹಿಸಿದ ಹಣದಿಂದಲೇ ಇದನ್ನು ಕಟ್ಟಿದ್ದು, 1961ರಲ್ಲಿ ತೆರೆಯಿತು. ರತ್ನ ಕೂರಿಸಿದ ಚಿನ್ನದ ಪುಟ್ಟ ಆನೆ, ಚಿನ್ನದ ಹಿಡಿಯ ರಾಜಖಡ್ಗ, ಒಡವೆಗಳನ್ನು ಕಂಡ ಮೇಲೆ ಹೊರಗಿನ ಬರಿಯ ಇಟ್ಟಿಗೆಗೆ ಒಂದು ಕಾಲದಲ್ಲಿ ಗಾರೆ ಇತ್ತು, ಚಿನ್ನದ ಲೇಪವಿತ್ತು ಎಂಬುದು ನಂಬಿಕೆಗೆ ಬರುತ್ತದೆ. ಕೋಣೆ ನೋಡಿ ಸಂಗ್ರಹಾಲಯ ಬಿಟ್ಟವರು ಅರ್ಧ ಕಥೆ ಕೇಳಿ ಎದ್ದುಬಂದಂತೆ. ವಾರದ ರಜೆ ಯಾವ ದಿನ ಎಂದು ಮೊದಲೇ ವಿಚಾರಿಸಿ. ನಡುಮಧ್ಯಾಹ್ನವನ್ನು ಕಳೆಯಲೂ ಇದೇ ಸೂಕ್ತ ಜಾಗ.

ಮೂರು ಚೇದಿಗಳು ಸಾಲಾಗಿ ನಿಂತ ವಾಟ್ ಫ್ರಾ ಸೀ ಸನ್‌ಫೆತ್ ಅರಮನೆಗೆ ಸೇರಿದ ದೇವಾಲಯ. ಭಿಕ್ಷುಗಳು ಇಲ್ಲಿ ವಾಸವಿರಲಿಲ್ಲ. ಮೂರರಲ್ಲೂ ಅರಸರ ಅಸ್ಥಿ ಇಟ್ಟಿದ್ದರು. 16 ಮೀಟರ್ ಎತ್ತರದ ಚಿನ್ನದ ಹೊದಿಕೆಯ ಬುದ್ಧ ಇಲ್ಲಿ ನಿಂತಿದ್ದ. 1767ರಲ್ಲಿ ಆ ಚಿನ್ನವನ್ನು ಕರಗಿಸಿ ಒಯ್ದರು. ಪಕ್ಕದ ವಿಹಾರದಲ್ಲಿ ಫ್ರಾ ಮಂಗ್‌ಖೋನ್ ಬೋಫಿತ್ ಎಂಬ ಭಾರಿ ಕಂಚಿನ ಬುದ್ಧನಿಗೆ ನಿತ್ಯ ಪೂಜೆ ನಡೆಯುತ್ತಿದೆ.

ಆಮೇಲೆ ಸುಡದೆ ಉಳಿದ ಗುಡಿಗಳನ್ನು ನೋಡಿ. ಉತ್ತರದ ಕಾಲುವೆಯ ಆಚೆ ಇರುವ ವಾಟ್ ನಾ ಫ್ರಾ ಮೇನ್ ಆ ಬೆಂಕಿಯಿಂದ ಪಾರಾಯಿತು. ಒಳಗೆ ಕಿರೀಟ ತೊಟ್ಟ ರಾಜವೇಷದ ಬುದ್ಧ, ಕೆಂಪು ಚಿನ್ನದ ಚಾವಣಿ. ಸುಟ್ಟುಹೋದ ಉಳಿದ ಮಂಟಪಗಳೂ ಹೀಗೇ ಇದ್ದಿರಬೇಕು ಎಂದು ಊಹಿಸಲು ಇದಕ್ಕಿಂತ ಒಳ್ಳೆಯ ಆಧಾರವಿಲ್ಲ. ಪಕ್ಕದ ಸಣ್ಣ ಗುಡಿಯಲ್ಲಿ ದ್ವಾರಾವತಿ ಕಾಲದ ಕಲ್ಲಿನ ಬುದ್ಧ ಕಾಲು ಇಳಿಬಿಟ್ಟು ಕೂತಿದ್ದಾನೆ; ಅಯುತ್ಥಯಕ್ಕಿಂತ ಶತಮಾನಗಳಷ್ಟು ಹಳಬ. ದಕ್ಷಿಣ ದಡದ ವಾಟ್ ಫನನ್ ಚೋಂಗ್‌ನ 19 ಮೀಟರ್ ಬುದ್ಧನನ್ನು ಕೂರಿಸಿದ್ದು 1324ರಲ್ಲಿ, ಅಂದರೆ ರಾಜಧಾನಿ ಹುಟ್ಟುವ ಮೊದಲೇ. ಭಕ್ತರು ಕಾವಿಬಟ್ಟೆ ಅರ್ಪಿಸುತ್ತಾರೆ, ಪರಿಚಾರಕರು ಅದನ್ನು ಮೇಲೆ ಎಸೆದು ಮೂರ್ತಿಗೆ ಹೊದಿಸುತ್ತಾರೆ. ಅಲ್ಲಿಂದ ದೂರವಿಲ್ಲದ ವಾಟ್ ಯಾಯ್ ಚಾಯ್ ಮಂಗ್‌ಖೋನ್‌ನ ದೊಡ್ಡ ಚೇದಿ ನರೇಸುವನ್ ಅರಸನ ಗಜಯುದ್ಧದ ಗೆಲುವಿನ ನೆನಪಿನೊಂದಿಗೆ ಬೆಸೆದುಕೊಂಡಿದೆ. ಆನೆಸವಾರಿ ಇಂದಿಗೂ ಊರೊಳಗೆ ನಡೆಯುತ್ತದೆ. ಕಾದ ಟಾರು ರಸ್ತೆಯ ಮೇಲೆ ಆ ಪ್ರಾಣಿ ಹೆಜ್ಜೆಹಾಕುವುದನ್ನು ನೋಡಲಾಗದು, ದಯವಿಟ್ಟು ಹತ್ತಬೇಡಿ.

ಸಂಜೆಯನ್ನು ವಾಟ್ ಚಾಯ್‌ವತ್ಥನಾರಾಮ್‌ಗೆ ಮೀಸಲಿಡಿ. ನದಿಯ ಪಶ್ಚಿಮ ದಡದಲ್ಲಿ 1630ರಲ್ಲಿ ಪ್ರಸಾತ್ ಥೋಂಗ್ ಅರಸ ಕಟ್ಟಿಸಿದ್ದು. ನಡುವೆ ಎತ್ತರದ ಪ್ರಾಂಗ್, ಸುತ್ತ ಕಿರುಗೋಪುರಗಳು. 2018ರಲ್ಲಿ ಬಂದ ಜನಪ್ರಿಯ ಥಾಯ್ ಧಾರಾವಾಹಿಯೊಂದರ ಪ್ರಭಾವದಿಂದ ಹುಡುಗಿಯರು ಹಳೆಯ ಕಾಲದ ಉಡುಗೆ ಬಾಡಿಗೆಗೆ ಪಡೆದು ಇಲ್ಲಿ ಓಡಾಡುತ್ತಾರೆ. ಸೂರ್ಯ ಗೋಪುರಗಳ ಹಿಂದೆ ಇಳಿಯುವಾಗ ಇಟ್ಟಿಗೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ರಾತ್ರಿ ದೀಪ ಹಾಕಿದ ಮೇಲೆ ಹಲವು ದೇವಾಲಯಗಳನ್ನು ರಸ್ತೆಯಿಂದಲೇ ನೋಡಬಹುದು. ಬೀದಿನಾಯಿಗಳಿವೆ, ಕತ್ತಲಾದ ಮೇಲೆ ಸೈಕಲ್ ಬೇಡ.

ಹೋಗಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನದಿ ಉಕ್ಕುತ್ತದೆ, 2011ರಲ್ಲಿ ದೇವಾಲಯಗಳೇ ನೀರಲ್ಲಿ ನಿಂತಿದ್ದವು. ಭುಜ, ಮಂಡಿ ಮುಚ್ಚುವ ಹತ್ತಿಬಟ್ಟೆ, ಬೇಗ ಕಳಚಬಹುದಾದ ಚಪ್ಪಲಿ, ಟೋಪಿ, ನೀರು ಇರಲಿ. ಥಾಯ್ಲೆಂಡ್ ಪ್ರವೇಶಿಸುವುದಕ್ಕೆ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಆಗಮನ ಕಾರ್ಡನ್ನು ಆನ್‌ಲೈನ್‌ನಲ್ಲಿ ಭರ್ತಿಮಾಡಬೇಕು. ಅದಕ್ಕೆ ಹಣವಿಲ್ಲ, ಹಣ ಕೇಳುವ ಜಾಲತಾಣ ನಕಲಿ ಎಂದೇ ತಿಳಿಯಿರಿ. ಭಾರತೀಯರ ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕಾಯ್ದಿರಿಸುವ ಮುನ್ನ ರಾಯಭಾರ ಕಚೇರಿಯ ತಾಣದಲ್ಲಿ ಒಮ್ಮೆ ನೋಡಿ.

ಸಸ್ಯಾಹಾರಿಗಳು ‘ಜೇ’ ಎಂಬ ಪದ ಕಲಿತುಕೊಳ್ಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆದಿರುವ ಅಂಗಡಿಯಲ್ಲಿ ಮಾಂಸ, ಮೀನು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬೇರೆ ಕಡೆ ತರಕಾರಿ ಪಲ್ಯಕ್ಕೂ ಮೀನಿನ ರಸ ‘ನಾಮ್ ಪ್ಲಾ’ ಬೀಳುತ್ತದೆ. ‘ಮೈ ಸೈ ನಾಮ್ ಪ್ಲಾ’, ಹಾಕಬೇಡಿ, ಎಂದು ಹೇಳಿ. ಮೀನು ತಿನ್ನುವವರು ನದಿಯ ದೊಡ್ಡ ಸಿಗಡಿಯನ್ನು ಸುಟ್ಟು ಕೊಡುವ ಹೋಟೆಲುಗಳನ್ನು ಹುಡುಕಿ.

ಹೊರಡುವ ಮುನ್ನ ರೋತಿ ಸಾಯ್ ಮಾಯ್ ಕಟ್ಟಿಸಿಕೊಳ್ಳಿ. ಊರಿನ ಮುಸ್ಲಿಂ ಕುಟುಂಬಗಳ ಕೈಯಡುಗೆ ಇದು: ತೆಳ್ಳನೆಯ ರೊಟ್ಟಿ ಒಂದು ಚೀಲದಲ್ಲಿ, ರೇಷ್ಮೆ ಎಳೆಯಂಥ ಬಣ್ಣಬಣ್ಣದ ಸಕ್ಕರೆ ಇನ್ನೊಂದರಲ್ಲಿ. ಸುತ್ತಿ ತಿನ್ನುವುದು ನಮ್ಮ ಕೆಲಸ. ಬ್ಯಾಂಕಾಕಿನ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ ಚೀಲ ಬಿಚ್ಚಿ, ಆದರೆ ಗಾಳಿಗೆ ಎಳೆ ಹಾರದಂತೆ ಕಿಟಕಿ ಅರ್ಧ ಇಳಿಸಿಕೊಳ್ಳಿ.